ಬರೆದಷ್ಟೇ ಬರೋ ಊರು

ಆ ಊರಿಗೆ ದಾರಿ ಕೇಳಬೇಡಿ. ಕೇಳಿದೋರೂ ದಾರಿ ತಪ್ಪಿದಾರೆ, ಹೇಳಿದೋರೂ ತಪ್ಪಿದಾರೆ. ಆದ್ರೆ ಊರಂತೂ ಇದೆ. ಅಲ್ಲೂ ಬೆಳಗಾಗುತ್ತೆ, ಅಲ್ಲೂ ಆ ಕಡೆ ತಿರುಗಿದ ತಕ್ಷಣ ಹಾಲು ಉಕ್ಕುತ್ತೆ, ಅಲ್ಲೂ ನೆಂಟರು ಸರಿಯಾಗಿ ಊಟದ ಹೊತ್ತಿಗೇ ಬರ್ತಾರೆ. ಒಂದೇ ಒಂದು ವಿಚಾರದಲ್ಲಿ ಆ ಊರು ನಮ್ಮೂರಿನ ಹಾಗಲ್ಲ. ಅಲ್ಲಿ ಏನಾದ್ರೂ ಬರೆದು, ಅದನ್ನ ಬಾಯಿಬಿಟ್ಟು ಓದಿದ್ರೆ, ಬರೆದದ್ದು ಎದುರಿಗೆ ಬಂದು ನಿಲ್ಲುತ್ತೆ.

ಬರೆದಷ್ಟೇ ಬರುತ್ತೆ. ತೊಂದರೆ ಇರೋದೇ ಅಲ್ಲಿ. ಬಂದದ್ದು, ಸಂಜೆ ಊರಲ್ಲಿ ಮೊದಲ ದೀಪ ಹಚ್ಚೋವರೆಗೂ ಇರುತ್ತೆ. ಆಮೇಲೆ ಇರಲ್ಲ.

ಮಕ್ಕಳು ಮಗ್ಗಿ ಬರೀತಿದ್ರು. ಮಗ್ಗಿ ಬಂದು ನಿಂತ್ರೆ ಯಾರಿಗೇನು ನಷ್ಟ? ದೊಡ್ಡೋರು ಮಾತ್ರ ಬರೆಯೋದನ್ನೇ ಬಿಟ್ಟಿದ್ರು. ಬಿಡೋದಕ್ಕೆ ಕಾರಣ ಇತ್ತು. ಒಂದ್ಸಲ ಊರ ಗೌಡ ತನ್ನ ಜೀವನ ಚರಿತ್ರೆ ಬರೆದು, ಜನ ಸೇರಿಸಿ, ಎದೆ ಎತ್ತಿ ಓದಿದ. ಎಲ್ಲಾ ಕುತ್ತಿಗೆ ಉದ್ದ ಮಾಡಿ ನೋಡ್ತಿದ್ರು. ಓದಿ ಮುಗಿದ ಮೇಲೆ ಬಂದದ್ದು ಒಂದು ಶಾಲು, ಒಂದು ಹಾರ. ಒಳಗೆ ಯಾರೂ ಇರ್ಲಿಲ್ಲ. ಇನ್ನೊಂದ್ಸಲ ಮದುವೆ ಗೊತ್ತಾಗಿದ್ದ ಹುಡುಗ ಹೆಣ್ಣಿಗೆ ಕಾಗದ ಬರೆದ: ನನ್ನ ಹೃದಯ ನಿನ್ನ ಪಾದದಲ್ಲಿದೆ ಅಂತ. ಆ ಹುಡುಗಿ ಪಾಪ, ಸಂತೋಷಕ್ಕೆ ಗಟ್ಟಿಯಾಗಿ ಓದಿಬಿಟ್ಲು. ಮುಂದಿನದನ್ನ ಅವರ ಮನೆ ಬೆಕ್ಕು ನೋಡ್ಕೊಳ್ತು. ಆ ಮದುವೆ ಮುರಿದದ್ದು ಬೆಕ್ಕಿನಿಂದ ಅಂತ ಈಗ್ಲೂ ಹೇಳ್ತಾರೆ.

ಅಂಥ ಊರಿಗೆ ಬರೆಸೋ ಅಮ್ಮ ಬಂದ್ರು. ಎಲ್ಲಿಂದ ಬಂದ್ರು, ಯಾಕೆ ಬಂದ್ರು ಅಂತ ಯಾರೂ ಕೇಳ್ಲಿಲ್ಲ. ದೊಡ್ಡೋರಿಗೆ ಬರೆಯೋದು ಹೇಳ್ಕೊಡ್ತೀನಿ ಅಂದದ್ದಕ್ಕೆ ನಕ್ಕು ಮುಗಿಸೋಷ್ಟರಲ್ಲೇ ಊರಿಗೆ ಸಾಕಾಗಿಹೋಗಿತ್ತು. ಅವರು ಹಾಳುಬಿದ್ದ ಗಾಣದ ಮನೆ ಹಿಡಿದ್ರು. ಎಣ್ಣೆ ಕಮಟು ಇನ್ನೂ ಗೋಡೇಲಿತ್ತು. ಎತ್ತು ಸುತ್ತಿ ಸುತ್ತಿ ನೆಲದಲ್ಲಿ ಗುಂಡಗೆ ದಾರಿ ಸವೆದಿತ್ತು. ಆ ದಾರಿ ಮೇಲೇ ಸುತ್ತಲೂ ಚಾಪೆ ಹಾಸಿದ್ರು. ಬಾಗಿಲಲ್ಲಿ ಒಂದು ಹಂಡೆ ನೀರು, ಒಂದು ಚೊಂಬು.

ಒಳಗೆ ಬರೋರೆಲ್ಲ ಮೊದಲು ಬಾಯಿ ಮುಕ್ಕಳಿಸಬೇಕು. ಬೇರೆಯೋರ ಮಾತು ಬಾಯಲ್ಲಿ ಅಂಟಿಕೊಂಡಿದ್ರೆ ಉಗಿದು ಬರ್ಬೇಕು. ಉಗಿಯೋ ಜಾಗದಲ್ಲಿ ಒಂದು ನುಗ್ಗೆಗಿಡ ಇತ್ತು. ಊರವರ ಗಾದೆ, ಹೋಲಿಕೆ, ಹಿತವಚನ ಎಲ್ಲಾ ಕುಡಿದು ಕುಡಿದು ಆ ಗಿಡ ಸೂರು ಮೀರಿ ಬೆಳೆದಿತ್ತು. ಕಾಯಿ ಮಾತ್ರ ಒಂದೂ ಬಿಟ್ಟಿರ್ಲಿಲ್ಲ.

ಎರಡನೇ ಪದ್ಧತಿ ಇದು: ಏನು ಬಂದು ನಿಂತ್ರೂ ನಗೋ ಹಾಗಿಲ್ಲ, ಉಪಚಾರ ಮಾಡ್ಬೇಕು. "ಅರ್ಧ ಬಂದ್ರೂ ಅತಿಥಿಯೇ," ಅಂತಿದ್ರು ಬರೆಸೋ ಅಮ್ಮ.

ಮೂರನೇದು ಪದ್ಧತಿ ಅಲ್ಲ, ಅವರ ಒಂದೇ ಒಂದು ಪ್ರಶ್ನೆ. ಎತ್ತು ಸುತ್ತಿದ ದಾರೀಲಿ ಅವರೂ ನಿಧಾನಕ್ಕೆ ಸುತ್ತೋರು, ಒಬ್ಬೊಬ್ಬರ ಹಿಂದೆ ನಿಲ್ಲೋರು, ಬಗ್ಗಿ ಕೇಳೋರು. "ಕಂಡಿದ್ದಾ, ಕೇಳಿದ್ದಾ?"

ಅಲ್ಲಿಗೆ ಬರೋರಲ್ಲಿ ಒಬ್ಬ ಜವಳಿ ಸಾಹುಕಾರ. ಚಿಕ್ಕವನಿದ್ದಾಗ ಮನೇಲಿದ್ದ ಎಮ್ಮೇನ ಇನ್ನೊಂದ್ಸಲ ನೋಡ್ಬೇಕು ಅಂತ ಅವನ ಆಸೆ. ಇನ್ನೊಬ್ಬರು ಕೆಲಸ ಮುಗಿಸಿ ಮನೇಲಿ ಕೂತಿದ್ದ ಮೇಷ್ಟ್ರು. ಪ್ರಕೃತಿಮಾತೆಯ ರಮಣೀಯ ಸೌಂದರ್ಯ ಅಂತ ಶುರುಮಾಡಿದ್ರೆ ನಿಲ್ಲಿಸ್ತಿರ್ಲಿಲ್ಲ. ಅವರು ಓದಿದಾಗ ಏನೂ ಬರ್ತಿರ್ಲಿಲ್ಲ, ಸೀಮೆಸುಣ್ಣದ ವಾಸನೆಯ ಸಣ್ಣ ಗಾಳಿ ಬಿಟ್ರೆ. ಅದಕ್ಕೂ ಬರೆಸೋ ಅಮ್ಮ ಕಿಟಕಿ ತೆಗೆದು ದಾರಿ ಬಿಡ್ತಿದ್ರು.

ಮೂರನೆಯವಳೇ ಸೊಸೆ.

ಅವಳ ತಲೆ ನರೆತಿತ್ತು, ಮೊಣಕಾಲು ನೋಯ್ತಿತ್ತು, ಆದ್ರೂ ಊರಿಗೆಲ್ಲ ಅವಳು ಸೊಸೆಯೇ. ಆ ಮನೇಲಿ ಅತ್ತೆ ಅಂದ್ರೆ ಅಷ್ಟು ದೊಡ್ಡ ಅತ್ತೆ. ಉಳಿದೋರೆಲ್ಲ ಆಕೆಗೆ ಏನಾಗಬೇಕೋ ಅದೇ ಅವರ ಹೆಸರು. ಅತ್ತೆ ಹೋದ್ಮೇಲೂ ಹೆಸರು ಹೋಗ್ಲಿಲ್ಲ.

ಅತ್ತೆ ಹೋದದ್ದು ಒಂದು ಮಧ್ಯಾಹ್ನ. ಜಗಲಿ ಮೇಲೆ ಕೂತು ಅವರೆಕಾಯಿ ಸುಲೀತಿದ್ರು. ಒಳಗಿದ್ದ ಸೊಸೆ ಕಡೆಗೆ, "ಏನೇ, ನಿಂಗೊಂದು ಮಾತು ಹೇಳ್ಬೇಕು ಕಣೇ. ನೀನು..." ಅಂದ್ರು. ಅಲ್ಲಿಗೆ ನಿಂತ್ರು. ಸೊಸೆ "ಏನು?" ಅಂದ್ಲು. ಉತ್ತರ ಇಲ್ಲ. ಮುನಿಸ್ಕೊಂಡಿರ್ಬೇಕು ಅಂದ್ಕೊಂಡು ಇವಳೂ ಮುನಿಸ್ಕೊಂಡ್ಲು. ಹೊರಗೆ ಬಂದು ನೋಡಿದ್ರೆ ಅತ್ತೆ ಕಂಬಕ್ಕೆ ಒರಗಿದ್ರು, ಮಡಿಲಲ್ಲಿ ಅರ್ಧ ಕಾಯಿ, ಅರ್ಧ ಕಾಳು.

ನೀನು, ಆಮೇಲೇನು? ನೀನು ಒಳ್ಳೇಳು ಅಂತಲೋ? ನೀನು ನನ್ನ ಮನೆ ಹಾಳು ಮಾಡ್ದೆ ಅಂತಲೋ? ಅಷ್ಟು ವರ್ಷ ಆ ಮನೇಲಿ ಬೆಂದದ್ದಕ್ಕೆ, ಬೇಯಿಸಿದ್ದಕ್ಕೆ ಕೊನೇಲಿ ಬಂದ ತೀರ್ಪು ಅದು, ಅರ್ಧಕ್ಕೇ ನಿಂತುಹೋಗಿತ್ತು. ಒಗ್ಗರಣೆ ಹಾಕ್ತಾ ಅದೇ ಯೋಚ್ನೆ, ಹೂ ಕಟ್ತಾ ಅದೇ. ಎಷ್ಟೋ ಸಲ ಸಾರು ಹೊತ್ತಿಹೋಯ್ತು.

ಮೊದಲ ದಿನವೇ ಕೇಳಿದ್ಲು. "ಅಮ್ಮಾ, ಬಂದು ನಿಂತೋರು ಮಾತಾಡ್ತಾರಾ?"

"ಬರೆದ ಮಾತು ಆಡ್ತಾರೆ."

"ನಾವು ಬರೀದೇ ಇರೋದು?"

ಬರೆಸೋ ಅಮ್ಮ ಅವಳನ್ನ ಒಂದು ಗಳಿಗೆ ನೋಡಿದ್ರು. "ಪೂರ್ತಿ ಬಂದ್ರೆ ಬರೀದೇ ಇರೋದನ್ನೂ ಆಡ್ತಾರೆ. ಆದ್ರೆ ನೋಡಮ್ಮ, ಅರ್ಧಂಬರ್ಧ ಬಂದದ್ದು ಎಷ್ಟು ಸಲ ಕರೆದ್ರೂ ಬರುತ್ತೆ. ಪೂರ್ತಿ ಬಂದದ್ದು ಒಂದೇ ಸಲ."

"ಒಂದು ಸಲ ಸಾಕು. ಒಂದೇ ಮಾತು ಕೇಳೋದಿದೆ."

ಸೊಸೆ ಬಾಯಿ ಮುಕ್ಕಳಿಸಿ, "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ" ಅನ್ನೋದನ್ನ ನುಗ್ಗೆಗಿಡದ ಬುಡಕ್ಕೆ ಉಗಿದು, ಬಂದು ಬರೆಯೋಕೆ ಕೂತ್ಲು. ಸತ್ತೋರ ಬಗ್ಗೆ ಒಳ್ಳೇದೇ ಬರೀಬೇಕು ಅಂತ ಒಳ್ಳೇದೇ ಬರೆದ್ಲು. ನಮ್ಮತ್ತೆ ದೇವರಂಥೋರು. ಮಾತು ಜೇನು. ಮನಸ್ಸು ಬೆಣ್ಣೆ.

ಎದ್ದು ನಿಂತು ಓದಿದ್ಲು. ನಾಲ್ಕು ಕೈಯಿನ ಒಂದು ಕಲ್ಲಿನ ಹೆಂಗಸು ಬಂದು ನಿಂತ್ಲು. ಬಾಯಿಂದ ಜೇನು ಸುರೀತಿತ್ತು. ಬಿಸಿಲು ಹೊತ್ತು, ಎದೆಯಿಂದ ಬೆಣ್ಣೆ ಕರಗಿ ಕಾಲ್ತನಕ ಇಳೀತಿತ್ತು. ಸ್ವಲ್ಪ ಹೊತ್ತಿಗೆ ಇರುವೆ ಬಂದ್ವು. ಆಮೇಲೆ ಆ ಇರುವೆಗಳ ನೆಂಟರು ಬಂದ್ವು.

"ಇವ್ರಾ ನಿಮ್ಮತ್ತೆ?" ಅಂದ ಸಾಹುಕಾರ, ಕಾಲು ಮೇಲೆತ್ಕೊಂಡು.

"ಅಲ್ಲ," ಅಂದ್ಲು ಸೊಸೆ.

"ಹಾಗಾದ್ರೆ ಕೈ ಮುಗೀಬೇಕಾ ಬೇಡ್ವಾ?" ಅಂದ್ರು ಮೇಷ್ಟ್ರು.

ಬರೆಸೋ ಅಮ್ಮ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒದ್ದೆ ಬಟ್ಟೆ ತಗೊಂಡು, ಆ ಕಲ್ಲಿನವಳ ಬಾಯಿ ಒರೆಸ್ತಾ ಕೂತ್ರು. ಒರೆಸ್ತಾನೇ ಸೊಸೆ ಕಡೆ ತಿರುಗಿ, "ಕಂಡಿದ್ದಾ, ಕೇಳಿದ್ದಾ?" ಅಂದ್ರು.

"ಕೇಳಿದ್ದು," ಅಂದ್ಲು ಸೊಸೆ, ಸಣ್ಣ ದನೀಲಿ.

ಮುಂದಿನ ಸಲ ಅವಳಿಗೆ ರೋಷ ಬಂತು. ಒಳ್ಳೇದು ಬರೆದ್ರೆ ಬರಲ್ಲ ಅಂದ್ರೆ ಇದ್ದದ್ದು ಇದ್ದ ಹಾಗೆ ಬರೀತೀನಿ ಅಂತ ಬರೆದ್ಲು. ನಮ್ಮತ್ತೆ ರಾಕ್ಷಸಿ. ನಾಲಿಗೆ ಅಂದ್ರೆ ಚೂರಿ. ಕಣ್ಣು ಅಂದ್ರೆ ಕೆಂಡ.

ರಾಕ್ಷಸಿ ಬಂದ್ಲು. ಆದ್ರೆ ಪಾಪ, ಬಾಯಿ ತೆಗೆದ್ರೆ ತನ್ನ ತುಟಿಯೇ ಕೊಯ್ಕೊಳ್ತಿತ್ತು. ಅತ್ರೆ ಕಣ್ಣೀರು ಕೆಂಡದ ಮೇಲೆ ಬಿದ್ದು ಚುಯ್ ಅಂತಿತ್ತು. ಮೂಲೇಲಿ ಮಂಡಿ ಮಡಚ್ಕೊಂಡು ಕೂತ್ಬಿಟ್ಲು. ಬರೆಸೋ ಅಮ್ಮ ಅವಳಿಗೆ ಮಜ್ಜಿಗೆ ಕುಡಿಸಿದ್ರು, ನಾಲಿಗೆಗೆ ತಾಗದ ಹಾಗೆ, ಒಂದೊಂದೇ ಹನಿ. ಸೊಸೆಗೆ ಅದನ್ನ ನೋಡೋಕಾಗ್ಲಿಲ್ಲ. ತಾನೂ ಹೋಗಿ ಬೀಸಣಿಗೆ ಬೀಸಿದ್ಲು. ಕೆಂಡಕ್ಕೆ ಬೀಸಬಾರದು ಅಂತ ಆಮೇಲೆ ಗೊತ್ತಾಯ್ತು. ಮೇಷ್ಟ್ರ ಪಂಚೆ ಸುಟ್ಟಿತು.

"ಇದೂ ಕೇಳಿದ್ದೇ," ಅಂದ್ಲು ಸೊಸೆ, ಬರೆಸೋ ಅಮ್ಮ ಕೇಳೋಕೆ ಮುಂಚೇನೇ. "ಪಕ್ಕದ ಮನೆಯೋರು ಅವರತ್ತೆಗೆ ಅಂತಿದ್ದದ್ದು."

"ನೀನು ಕಂಡದ್ದು ಒಂದಾದ್ರೂ ಇದ್ಯಾ?"

"ಉಪ್ಪು ಹಾಕೋರು."

"ಅದನ್ನ ಬರಿ."

ಅವಳು ಅಷ್ಟನ್ನೇ ಬರೆದ್ಲು. ನಾನು ಬೆನ್ನು ತಿರುಗಿಸಿದ ತಕ್ಷಣ ಅತ್ತೆ ನನ್ನ ಸಾರಿಗೆ ಉಪ್ಪು ಹಾಕೋರು. ಮೂರು ಬೆರಳಲ್ಲಿ ತಗೊಳ್ಳೋರು. ಹಾಕಿ, ಬೆರಳನ್ನ ಸೀರೆಗೆ ಒರೆಸದೆ ಕತ್ತಿನ ಹಿಂದಕ್ಕೆ ಒರೆಸ್ಕೊಳ್ಳೋರು.

ಓದಿದಾಗ ಬಂದದ್ದು ಬರೀ ಒಂದು ಕೈ, ಮೊಣಕೈವರೆಗೆ. ಅದು ಗಾಳೀಲಿ ಏನೋ ಹುಡುಕ್ತು. ಬರೆಸೋ ಅಮ್ಮ ತಾವು ಊಟಕ್ಕೆ ಅಂತ ತಂದಿದ್ದ ಸಾರಿನ ಪಾತ್ರೆ, ಒಂದಿಷ್ಟು ಉಪ್ಪು ಎದುರಿಗಿಟ್ರು. ಆ ಕೈ ಸಾರಿಗೆ ಉಪ್ಪು ಹಾಕ್ತು, ಬೆರಳನ್ನ ಹಿಂದಕ್ಕೆ ಒಯ್ದು ಇಲ್ಲದ ಕತ್ತಿಗೆ ಒರೆಸ್ಕೊಳ್ತು. ಸೊಸೆ ಬಾಯಿ ಮೇಲೆ ಸೆರಗು ಇಟ್ಕೊಂಡಿದ್ಲು. ಅವತ್ತು ಎಲ್ಲರೂ ಆ ಸಾರು ಉಂಡ್ರು. ಬಾಯಿಗಿಡೋ ಹಾಗಿರ್ಲಿಲ್ಲ, ಆದ್ರೂ ಸುರಿದು ಸುರಿದು ಉಂಡ್ರು.

ಅಲ್ಲಿಂದ ಮುಂದೆ ಅವಳು ಕಂಡದ್ದನ್ನೇ ಬರೆದ್ಲು. ಎಡಗಾಲಲ್ಲಿ ಆಣಿ ಇದ್ದದ್ದಕ್ಕೆ ಹಿಮ್ಮಡಿ ಊರ್ತಿರ್ಲಿಲ್ಲ ಅಂತ ಬರೆದ್ಲು. ಒಂದು ಹೆಜ್ಜೆ ಗಟ್ಟಿ, ಒಂದು ಹೆಜ್ಜೆ ಮೆತ್ತಗೆ, ಕಾಲು ಬಂತು. ಕದ್ದು ನಶ್ಯ ಏರಿಸಿ, ಸೀನಿ, "ಏನು ಧೂಳಪ್ಪಾ" ಅಂತಿದ್ರು ಅಂತ ಬರೆದ್ಲು. ಮೂಗು ಬಂತು, ಜೊತೆಗೆ ಸೀನು. ಮಲಗೋವಾಗ ಬಳೆ ಸದ್ದಾಗಬಾರದು ಅಂತ ಮೊಣಕೈ ಕಡೆಗೆ ದೂಡ್ಕೊಳ್ಳೋರು ಅಂತ ಬರೆದ್ಲು. ತಟ್ಟೇಲಿದ್ದ ಚೆನ್ನಾಗಿರೋ ತುಣುಕನ್ನ ಕೊನೇಗೆ ಇಟ್ಕೊಂಡು, ಕೊನೇಗೆ ಅದನ್ನ ಮಗನಿಗೂ ಕೊಡದೆ ತಾವೇ ತಿನ್ನೋರು ಅಂತ ಬರೆದ್ಲು. ಬರೆದು ಹೊಡೆದುಹಾಕೋಕೆ ಹೋದ್ಲು. ಬರೆಸೋ ಅಮ್ಮ ಕೈ ಹಿಡಿದ್ರು.

ಹೀಗೆ ಇವಳ ಅತ್ತೆ ದಿನಾ ಸ್ವಲ್ಪ ಸ್ವಲ್ಪ ಕೂಡಿಕೊಳ್ತಾ ಬಂದ್ರು. ಸಾಹುಕಾರನ ಎಮ್ಮೇಗೂ ಅಷ್ಟು ಹೊತ್ತಿಗೆ ಹಿಂಗಾಲು ಬಂದಿದ್ವು. ಬಾಲ ಮಾತ್ರ ಅವನಿಗೆ ಹೊಳೆದಿರ್ಲಿಲ್ಲ, ನೊಣ ಓಡಿಸೋಕೆ ಅವನೇ ಟವೆಲ್ ಹಿಡ್ಕೊಂಡು ಹಿಂದೆ ನಿಲ್ತಿದ್ದ. ಮೇಷ್ಟ್ರು ಪ್ರಕೃತಿಮಾತೇನ ಬಿಟ್ಟು ತಮ್ಮ ಶಾಲೆ ಬೆಂಚಿನ ಬಗ್ಗೆ ಬರೆದು, ಬೆಂಚು ಬಂದಾಗ ಅದರ ಮೇಲೆ ಕೂತು ಮಗುವಿನ ಹಾಗೆ ಅತ್ತಿದ್ರು. ಒಂದಿನ ಸಾಹುಕಾರ ಕೇಳಿದ, "ಅಮ್ಮಾ, ನೀವ್ಯಾಕೆ ಏನೂ ಬರೆಯಲ್ಲ?"

"ನಾನೂ ಬರೆದ್ರೆ ಇಲ್ಲಿ ಇವ್ರಿಗೆಲ್ಲ ಜಾಗ ಎಲ್ಲಿದೆ, ಸಾಹುಕಾರ್ರೇ?" ಅಂದ್ರು ಅವರು, ಎಮ್ಮೆ ಮುಂದೆ ಹುಲ್ಲು ಹಾಕ್ತಾ.

ಆದ್ರೆ ಸೊಸೆ ಒಂದು ಕಡೆ ಬಂದು ಸಿಕ್ಕಿಹಾಕ್ಕೊಂಡ್ಲು. ಅತ್ತೆ ತಲೆಯಿಂದ ಕಾಲ್ತನಕ ಬರ್ತಿದ್ರು, ಆದ್ರೆ ಬೆನ್ನು ಹಾಕಿ ನಿಲ್ತಿದ್ರು. ಗೋಡೆ ಕಡೆ ಮುಖ. ಕರೆದ್ರೆ ತಿರುಗಲ್ಲ. ಸೊಸೆ ಸುತ್ತಿ ಮುಂದೆ ಹೋದ್ರೆ ಅವರೂ ಸುತ್ತಿ ಬೆನ್ನು ತೋರಿಸ್ತಿದ್ರು. ಮುಖ ಬರೆದ್ಲು, ಕಣ್ಣು ಬರೆದ್ಲು, ಹುಬ್ಬಿನ ಹತ್ರ ಇದ್ದ ಸುಟ್ಟ ಕಲೆ ಬರೆದ್ಲು. ಬೆನ್ನು ಬೆನ್ನಾಗೇ ಉಳೀತು. ಒಂದು ದಿನ ಹಾಳೆ ಎಸೆದು, "ಬದುಕಿದ್ದಾಗಲೂ ಹೀಗೇ," ಅಂತ ಅತ್ತುಬಿಟ್ಲು. "ಎಲ್ಲಾ ಕಂಡದ್ದೇ ಬರೆದಿದೀನಿ ಅಮ್ಮ. ಕೇಳಿದ್ದು ಒಂದಿಲ್ಲ. ಇನ್ನೇನು ಬರೀಲಿ?"

ಬರೆಸೋ ಅಮ್ಮ ಅವಳ ಪಕ್ಕ ಕೂತ್ರು. ಅವತ್ತು ಅವರ ಪ್ರಶ್ನೆ ಬೇರೆಯಾಗಿತ್ತು.

"ಇದೆಲ್ಲ ಕಾಣ್ತಿದ್ದಾಗ ನೀನೆಲ್ಲಿದ್ದೆ?"

"ನಾನಾ? ಅಲ್ಲೇ ಇದ್ದೆ. ಒಲೆ ಮುಂದೆ."

"ಬರೆದಿಲ್ವಲ್ಲ."

"ನನ್ನ ಬಗ್ಗೆ ಏನಿದೆ ಬರೆಯೋಕೆ?"

"ಯಾರೂ ಇಲ್ಲದ ಅಡುಗೆಮನೇಲಿ ಅವ್ರಾದ್ರೂ ಯಾರ ಕಡೆ ತಿರುಗ್ಬೇಕು, ಹೇಳು."

ಹೊರಗೆ ನುಗ್ಗೆಗಿಡ ಅಲ್ಲಾಡ್ತಿತ್ತು. ಸೊಸೆ ತಾನು ಎಸೆದ ಹಾಳೇನ ಎತ್ಕೊಂಡು, ನೀವಿ, ಮಂಡಿ ಮೇಲೆ ಇಟ್ಕೊಂಡ್ಲು. ಬರೆಯೋವಾಗ ಕೈ ಅಡ್ಡ ಇಟ್ಟು ಬರೆದ್ಲು, ಪರೀಕ್ಷೇಲಿ ಪಕ್ಕದೋರು ನೋಡಬಾರದು ಅಂತ ಮಕ್ಕಳು ಇಡ್ತಾವಲ್ಲ, ಹಾಗೆ. ಆಮೇಲೆ ಎದ್ದು ಮೊದಲಿಂದ ಓದಿದ್ಲು. ಕೈ, ಕಾಲು, ನಶ್ಯ, ಬಳೆ, ಕೊನೇ ತುಣುಕು, ಸುಟ್ಟ ಕಲೆ. ಅತ್ತೆ ಬಂದು ಬೆನ್ನು ಹಾಕಿ ನಿಂತ್ರು. ಸೊಸೆ ಹೊಸ ಸಾಲಿಗೆ ಬಂದ್ಲು.

"ನಾನು ಒಲೆ ಮುಂದೆ ಇರ್ತಿದ್ದೆ. ನಾನು ಬೇಕಂತಲೇ ಉಪ್ಪು ಕಮ್ಮಿ ಹಾಕ್ತಿದ್ದೆ. ಸರಿಯಾಗಿ ಹಾಕಿದ್ರೆ ಅವರು ಒಳಗೆ ಬರ್ತಿರ್ಲಿಲ್ಲ. ಬಂದ್ರೆ ಬೈಯೋರು. ಬೈದ್ರೆ ಮನೇಲಿ ಇನ್ನೊಬ್ರು ಇದಾರೆ ಅನ್ನಿಸೋದು."

ಅತ್ತೆ ತಿರುಗಿದ್ರು.

"ಆಹಾ!" ಅಂದ್ರು. ಗಾಣದ ಮನೆ ಗೋಡೆಯೆಲ್ಲ ಅದುರ್ತು. "ನೀನು ಬೇಕಂತ ಕಮ್ಮಿ ಹಾಕ್ತಿದ್ದದ್ದಾ? ಮುದುಕಿ ಉಪ್ಪು ಜಾಸ್ತಿ ತಿಂತಾಳೆ ಅಂತ ಊರೆಲ್ಲಾ ನನ್ನ ಆಡ್ಕೊಂಡ್ರಲ್ಲೇ! ವೈದ್ಯ ಬಂದು ಪಥ್ಯ ಹಾಕ್ದ. ಉಪ್ಪಿನಕಾಯಿ ಬಿಡಿಸ್ಬಿಟ್ಟ, ಅವನ ಕೈ ಸೇದಿಹೋಗ!"

ಈ ಮಾತು ಯಾರೂ ಬರೆದಿರ್ಲಿಲ್ಲ. ಸೊಸೆ ಹಾಳೆ ನೋಡಿದ್ಲು, ಅತ್ತೇನ ನೋಡಿದ್ಲು. ಬರೆಸೋ ಅಮ್ಮ ಮೆಲ್ಲಗೆ ಹಿಂದಕ್ಕೆ ಸರಿದು ಗೋಡೆಗೆ ಒರಗಿ ಕೂತ್ರು. ಅವರ ಮುಖ, ಬೀಜ ನೆಟ್ಟೋರು ಮೊಳಕೆ ನೋಡೋವಾಗ ಇರುತ್ತಲ್ಲ, ಹಾಗಿತ್ತು. ಇದು ನಾನೇ ಕಂಡದ್ದಲ್ಲ, ಆದ್ರೆ ಕಂಡೋರೇ ಹೇಳಿದ್ದು.

"ಅತ್ತೆ," ಅಂದ್ಲು ಸೊಸೆ. "ಅವತ್ತು ಜಗಲೀಲಿ ಒಂದು ಮಾತು ಹೇಳ್ಬೇಕು ಅಂದ್ರಲ್ಲ. ನೀನು ಅಂತ ಶುರು ಮಾಡಿ ನಿಲ್ಲಿಸ್ಬಿಟ್ರಿ. ಏನದು?"

"ಯಾವತ್ತು?"

"ನೀವು ಹೋದ ದಿನ."

ಅತ್ತೆ ಯೋಚ್ನೆ ಮಾಡಿದ್ರು. ನಿಜವಾಗ್ಲೂ ಮಾಡಿದ್ರು, ಹುಬ್ಬಿನ ಹತ್ರದ ಕಲೆ ಸುಕ್ಕಾಯ್ತು. "ನೆನಪಿಲ್ಲ ಕಣೇ."

"ನೆನಪಿಲ್ವಾ!"

"ದಿನಕ್ಕೆ ನೂರು ಮಾತು ನಿಂಗೆ ಹೇಳ್ಬೇಕು ಅಂತಿರ್ತಿದ್ದೆ. ಅದ್ರಲ್ಲಿ ಯಾವ್ದು ಅಂತ ಹೇಳ್ಲಿ? ಸಾಯ್ತೀನಿ ಅಂತ ಗೊತ್ತಿದ್ರೆ ಚೆನ್ನಾಗಿರೋದು ಒಂದು ತೆಗೆದಿಟ್ಟಿರ್ತಿದ್ದೆ."

"ನಾನು ಇಷ್ಟು ವರ್ಷ ಅದೊಂದೇ ಮಾತಿಗೆ ಒದ್ದಾಡಿದೀನಿ ಅತ್ತೆ! ಸಾರೆಲ್ಲ ಹೊತ್ತಿಸಿದೀನಿ!"

"ನಾನಿದ್ದಾಗಲೂ ಹೊತ್ತಿಸ್ತಿದ್ದೆ. ಅದನ್ನ ನನ್ನ ತಲೆಗೆ ಕಟ್ಬೇಡ."

ಅಲ್ಲಿಂದ ಶುರುವಾಯ್ತು ನೋಡಿ ಜಗಳ. ಸಾರಿನಿಂದ ಸೀರೆಗೆ ಹೋಯ್ತು, ಸೀರೆಯಿಂದ ನಾದಿನಿ ಬಾಣಂತನಕ್ಕೆ ಹೋಯ್ತು, ಅಲ್ಲಿಂದ ಯಾರೋ ಯಾವತ್ತೋ ವಾಪಸ್ ಕೊಡದ, ಅಕ್ಕಿ ಅಳೆಯೋ ಸೇರಿಗೆ ಬಂತು. ಅತ್ತೆ ಮಧ್ಯೆ ಸೀನಿ "ಏನು ಧೂಳಪ್ಪಾ" ಅಂದ್ರು. "ಧೂಳಲ್ಲ, ನಶ್ಯ!" ಅಂತ ಸೊಸೆ ಮೊದಲನೇ ಸಲ ಎದುರಿಗೇ ಅಂದ್ಲು. ಅತ್ತೆಗೆ ನಗು ಬಂತು, ಬಂದದ್ದನ್ನ ನುಂಗಿದ್ರು. ಸೊಸೆ ಮುಖ ಕೆಂಪಗಾಗಿತ್ತು, ಕಣ್ಣು ಹೊಳೀತಿತ್ತು, ಮೊಣಕಾಲು ನೋವು ಮರೆತು ಎತ್ತಿನ ದಾರೀಲಿ ಅತ್ತೆ ಜೊತೆ ಸುತ್ತು ಹೊಡೀತಿದ್ಲು.

ಹೊತ್ತು ಇಳೀತಾ ಬಂತು. ಪೂರ್ತಿ ಬಂದದ್ದು ಒಂದೇ ಸಲ ಅನ್ನೋದು ಎಲ್ಲರಿಗೂ ಗೊತ್ತಿತ್ತು. ಸಾಹುಕಾರ ಟವೆಲ್ ಬಿಸಾಕಿ ಬೀದಿಗೆ ಓಡಿದ. ಮನೆಮನೆ ಬಾಗಿಲಿಗೆ ನಿಂತು, "ತಾಯೀ, ಇವತ್ತು ದೀಪ ಒಂಚೂರು ತಡೀರಿ, ಅತ್ತೆ ಸೊಸೆ ಜಗಳ ಇನ್ನೂ ಮುಗಿದಿಲ್ಲ," ಅಂದ. ಮೇಷ್ಟ್ರು ಇನ್ನೊಂದು ಬೀದಿ ಹಿಡಿದ್ರು. ಬರೀ ನಕ್ಕು ಗೊತ್ತಿದ್ದ ಊರು ಅವತ್ತು ನಗಲಿಲ್ಲ. ಕಡ್ಡಿಪೊಟ್ಟಣ ಕೈಲಿ ಹಿಡ್ಕೊಂಡೋರು ಹಾಗೇ ಕೆಳಗಿಟ್ರು. ಒಂದು ಬೀದಿ ಕತ್ತಲಲ್ಲಿ ಕೂತ್ಕೊಳ್ತು. ಇನ್ನೊಂದು ಬೀದಿ ಕತ್ತಲಲ್ಲಿ ಕೂತ್ಕೊಳ್ತು. ಗೌಡ ಜಗಲಿ ಮೇಲೆ ಕತ್ತಲಲ್ಲಿ ಕೂತ. ಹಾಲಿನವನು ಕಣ್ಣು ಕಾಣದೆ ಚರಂಡಿಗೆ ಬಿದ್ದ. ಬಿದ್ದಲ್ಲಿಂದಲೇ, "ಇರ್ಲಿ ಇರ್ಲಿ, ಜಗಳ ಮುಗೀಲಿ," ಅಂದ. ಇಡೀ ಊರು ಉಸಿರು ಹಿಡ್ಕೊಂಡು, ಗಾಣದ ಮನೆಯಿಂದ ಬರೋ ಎರಡು ದನೀನ ಕೇಳ್ತಾ ಕೂತಿತ್ತು.

ಊರ ತುದಿ ಮನೇಲಿ ಅವತ್ತೇ ಕಾಲಿಟ್ಟ ಹೊಸ ಸೊಸೆ ಒಬ್ಬಳಿದ್ಲು. ಅವಳಿಗೆ ಯಾರೂ ಏನೂ ಹೇಳಿರ್ಲಿಲ್ಲ. ಮನೆಯೋರೆಲ್ಲ ಕತ್ತಲಲ್ಲಿ ಕೂತಿದಾರಲ್ಲ, ಯಾರೂ ಹೇಳದೇನೇ ದೀಪ ಹಚ್ಚಿ ಒಳ್ಳೇಳು ಅನ್ನಿಸ್ಕೊಳ್ಳೋಣ ಅಂತ ಎದ್ಲು.

ಅದೇ ಹೊತ್ತಿಗೆ ಗಾಣದ ಮನೇಲಿ ಸೊಸೆ ಸುತ್ತೋದನ್ನ ನಿಲ್ಲಿಸಿದ್ಲು. "ಅತ್ತೆ, ಒಂದು ಗಳಿಗೆ ಸುಮ್ನಿದ್ದು ನನ್ನ ಮಾತು ಕೇಳಿ. ನಿಮಗೊಂದು ಹೇಳ್ಲೇಬೇಕು. ನೀವು..."

ಅತ್ತೆ ಕಿವಿ ಮುಂದೆ ಮಾಡಿದ್ರು. "ಏನೇ? ನಾನೇನು?"

ಅಷ್ಟೇ. ಎದುರಿಗೆ ಬರೀ ಗೋಡೆ ಇತ್ತು.

ಸಾಹುಕಾರ ಬಾಗಿಲಲ್ಲಿ ಏದುಸಿರು ಬಿಡ್ತಾ ನಿಂತಿದ್ದ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದ್ರು, ಒರೆಸ್ತಾನೇ ಇದ್ರು. ಸೊಸೆ ಈಗ ಅಳ್ತಾಳೆ ಅಂತ ಎಲ್ಲಾ ಕಾದ್ರು. ಅವಳು ತೆರೆದ ಬಾಯಿ ಮುಚ್ಚಿ, ಸೆರಗಿಂದ ಕತ್ತು ಒರೆಸ್ಕೊಂಡು, ಚಾಪೆ ಮೇಲೆ ಕೂತ್ಲು.

ಬರೆಸೋ ಅಮ್ಮನಿಗೇ ತಡೀಲಿಲ್ಲ. "ಏನಮ್ಮಾ ಹೇಳೋಕೆ ಹೋಗಿದ್ದೆ?"

"ಹೇಳಲ್ಲ," ಅಂದ್ಲು ಸೊಸೆ. "ಈಗ ಅಲ್ಲಿ ಕೂತ್ಕೊಂಡು ಅವ್ರು ಯೋಚ್ನೆ ಮಾಡ್ಲಿ."